ಸೀಳುವ ದಾರ

ನಮ್ಮ ಮನೆಗೆ ನೀವು ಧಾರಾಳವಾಗಿ ಬರಬಹುದು. ಚಹಾ ಕೊಡುತ್ತೇವೆ, ಚುರುಮುರಿ ಕೊಡುತ್ತೇವೆ, ಊಟದ ಹೊತ್ತಾಗಿದ್ದರೆ ರೊಟ್ಟಿ ತಿನ್ನದೆ ಏಳಲು ಬಿಡುವುದಿಲ್ಲ. ಆದರೆ ದಯವಿಟ್ಟು ತಲೆಗೆ ಏನಾದರೂ ಕಟ್ಟಿಕೊಂಡು ಬನ್ನಿ. ನಮ್ಮ ಕಾಕಾನ ಕೈಗೆ ನಿಮ್ಮ ಒಂದು ಕೂದಲು ಸಿಕ್ಕಿತೋ, ನಿಮ್ಮದೊಂದು ತುಣುಕು ನಾರಾಯಣಗೂಡದ ನಮ್ಮ ಮನೆಯಲ್ಲೇ ಉಳಿಯಿತು ಅಂತ ತಿಳಿಯಿರಿ. ಅದಕ್ಕೆ ಆರು ಕಾಲು ಮೂಡುತ್ತವೆ. ಎರಡು ರೆಕ್ಕೆ ಬರುತ್ತವೆ. ಮುಂದಿನ ಸಲ ನೀವು ಬಂದಾಗ ಅದು ಗೋಡೆಯ ಹಲಗೆಯ ಮೇಲಿಂದ ನಿಮ್ಮನ್ನೇ ನೋಡುತ್ತಿರುತ್ತದೆ!

ಗಾಬರಿಯಾಗಬೇಡಿ, ಕಾಕಾ ಮಂತ್ರವಾದಿಯಲ್ಲ. ಅವನು ಹುಸಿನೊಣ ಕಟ್ಟುವವನು. ಗಾಳದ ಸಣ್ಣ ಕೊಕ್ಕೆಯೊಂದನ್ನು ಇಕ್ಕಳಕ್ಕೆ ಸಿಕ್ಕಿಸಿ, ಅದರ ಬೆನ್ನಿಗೆ ಕೂದಲು, ಪುಕ್ಕ, ಉಣ್ಣೆಗಳನ್ನು ದಾರದಿಂದ ಸುತ್ತಿ ಸುತ್ತಿ ನೊಣವನ್ನೋ ಜೀರುಂಡೆಯನ್ನೋ ಮಾಡುವುದು. ನೀರಿಗೆ ಎಸೆದರೆ ಮೀನು ನಿಜವಾದ ಹುಳ ಅಂತ ನಂಬಿ ಬಾಯಿ ಹಾಕಬೇಕು. ಕಾಕಾ ಅಂದರೆ ನನ್ನ ಅಪ್ಪನ ತಮ್ಮ, ಮದುವೆಯಾಗದವನು. ಇಲ್ಲಿಯ ರಕ್ಷಣಾ ಕಾರ್ಖಾನೆಯೊಂದರಲ್ಲಿ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸುರುಳಿ ಸುತ್ತುತ್ತ ನಿವೃತ್ತನಾದ. ಅಲ್ಲಿಯ ಸಾಹೇಬರೊಬ್ಬರಿಗೆ ಮೀನು ಹಿಡಿಯುವ ಹುಚ್ಚು. ಅವರು ವರ್ಗವಾಗಿ ಹೋಗುವಾಗ ಇಕ್ಕಳ, ಕೊಕ್ಕೆ, ದಾರದ ಪೆಟ್ಟಿಗೆಯನ್ನು ಕಾಕಾನಿಗೆ ಕೊಟ್ಟರು. ಹುಚ್ಚಿನಲ್ಲಿ ಮಾತ್ರ ಅರ್ಧವನ್ನೇ ಕೊಟ್ಟರು! ಯಾಕೆಂದರೆ ನಮ್ಮ ಕಾಕಾ ಇವತ್ತಿನವರೆಗೆ ಒಂದು ಮೀನನ್ನೂ ಹಿಡಿದಿಲ್ಲ. ನಾವು ಬಾದಾಮಿ ಕಡೆಯವರು, ಮೊಟ್ಟೆ ಮಾರುವ ಅಂಗಡಿಯಲ್ಲಿ ಬ್ರೆಡ್ಡನ್ನೂ ಕೊಳ್ಳದ ಮಂದಿ.

"ಕಾಕಾ, ಮೀನ ಹಿಡಿಯಂಗಿಲ್ಲಂದ್ರ ಇದೆಲ್ಲಾ ಯಾಕ?" ಅಂತ ಒಮ್ಮೆ ಕೇಳಿದೆ.

"ಗುಡಿ ಕಟ್ಟಿದವ್ರೆಲ್ಲಾ ದೇವರನ್ನ ನೋಡ್ಯಾರೇನು?" ಅಂದ.

ಇಂಥವನ ಹತ್ತಿರ ವಾದ ಮಾಡುವುದುಂಟೆ? ನಾನು ಅಮೀರ್‌ಪೇಟೆಯ ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಡುವವಳು. ಹಾಸ್ಟೆಲ್ಲಿನ ಸಾರು ತಡೆಯಲಾರದೆ ಕಾಕಾನ ಮನೆ ಸೇರಿದೆ. ಸೇರಿದ ವಾರದಲ್ಲೇ ನನ್ನ ಬಾಚಣಿಗೆ ದಿನವೂ ತೊಳೆದಿಟ್ಟಷ್ಟು ಶುಭ್ರವಾಗಿರುವುದು ಕಂಡು, ಎಂಥ ಪ್ರೀತಿಯ ಕಾಕಾ ಅಂತ ಕರಗಿಹೋಗಿದ್ದೆ. ಎಂಟನೇ ದಿನ ಹಲಗೆಯ ಮೇಲೆ ನನ್ನ ಬಣ್ಣದ, ನನ್ನ ಗುಂಗುರಿನ ಒಂದು ಜೇಡ ಕೂತಿತ್ತು!

ನನ್ನ ಮದುವೆಯ ಮಾತು ಒಮ್ಮೆ ಮುಕ್ಕಾಲು ಪಾಲು ಕುದುರಿತ್ತು. ಹುಡುಗನ ಅಪ್ಪ ಬಂದಿದ್ದರು. ದೊಡ್ಡ ಗತ್ತಿನ ಮನುಷ್ಯರು, ಅದಕ್ಕಿಂತ ದೊಡ್ಡ ಮೀಸೆ. ಕಾಕಾ ಅರ್ಧ ಗಂಟೆ ಆ ಮೀಸೆಯನ್ನೇ ನೋಡಿದ. ಕೊನೆಗೆ ಮೆಲ್ಲಗೆ, "ಯಾವಾಗ ಕತ್ತರಸ್ತೀರಿ? ಅದರ ತುದಿ ಭಾಳ ಮೆತ್ತಗೈತ್ರಿ. ಮಣ್ಣಾಗ ಹಾಕಬ್ಯಾಡ್ರಿ, ನನಗ ಕಳಸ್ರಿ" ಅಂದ. ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದವರು ಕಾಚಿಗೂಡ ಸ್ಟೇಷನ್ನಿನವರೆಗೆ ಮೀಸೆಯ ಮೇಲಿಂದ ಕೈ ತೆಗೆಯಲಿಲ್ಲವಂತೆ. ಸಂಬಂಧ ಅಲ್ಲಿಗೇ ಮುಗಿಯಿತು, ಕಾಕಾನಿಗೆ ಮಾತ್ರ ಇವತ್ತಿಗೂ ಆ ಮೀಸೆ ಕೈತಪ್ಪಿದ ಕೊರಗು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಕೋಣೆಯಲ್ಲಿ ಏನೋ ಇದೆ. ಮಧ್ಯಾಹ್ನ ಬೀದಿಯೆಲ್ಲ ಬಾಗಿಲು ಹಾಕಿಕೊಂಡ ಹೊತ್ತಿನಲ್ಲಿ, ಫ್ಯಾನು ನಿಂತಿದ್ದಾಗ, ಹಲಗೆಯ ಮೇಲಿನ ನೂರಾರು ಹುಳಗಳಲ್ಲಿ ಒಂದೆರಡರ ಕಾಲು ಅಲುಗುವುದನ್ನು ನಾನು ನೋಡಿದ್ದೇನೆ. ಗಾಳಿ ಇರಲಿಲ್ಲ. ಗಣಿತದವಳು ನಾನು, ಎರಡು ಸಲ ಕಿಟಕಿ ನೋಡಿದೆ, ಹಾಕಿತ್ತು. ಕೆಳಗಿನ ಮನೆಯ ಬೆಕ್ಕಿನ ರೋಮದಿಂದ ಕಾಕಾ ಒಂದು ಪತಂಗ ಕಟ್ಟಿದ. ಅವತ್ತಿನಿಂದ ಆ ಬೆಕ್ಕು ನಮ್ಮ ಹೊಸ್ತಿಲವರೆಗೆ ಬಂದು, ಒಳಗೆ ಕಾಲಿಡದೆ, ಬೆನ್ನು ಬಿಲ್ಲಿನ ಹಾಗೆ ಮಾಡಿಕೊಂಡು ಆ ಪತಂಗವನ್ನು ಒಂದೇ ಸಮನೆ ದಿಟ್ಟಿಸುತ್ತದೆ. ತನ್ನ ಪಾಲು ತನಗೆ ಕೊಡಿ ಅಂತ ಕೇಳುತ್ತದೋ ಏನೋ!

ಜೀವ ಬರುವುದು ಕೂದಲಿನಿಂದಲ್ಲ, ದಾರದಿಂದ ಅನ್ನುತ್ತಾನೆ ಕಾಕಾ. ನಾವೆಲ್ಲ ಒಂದು ಅಂತ ತಿಳಿದಿರುವ ದಾರದೊಳಗೆ ಹತ್ತಾರು ಸಣ್ಣ ಎಳೆಗಳು ಹುರಿಗೊಂಡು ಮಲಗಿರುತ್ತವೆ. ಕಾಕಾ ದಾರದ ರೀಲನ್ನು ಕೊಕ್ಕೆಯಿಂದ ಕೆಳಗೆ ತೂಗಿಬಿಟ್ಟು ಉಲ್ಟಾ ತಿರುಗಿಸುತ್ತಾನೆ. ಹುರಿ ಬಿಚ್ಚಿ ದಾರ ಲಾಡಿಯ ಹಾಗೆ ಚಪ್ಪಟೆಯಾಗುತ್ತದೆ. ಸೂಜಿಯ ಮೊನೆಯಿಂದ ಅದನ್ನು ನಡುವೆ ಎರಡಾಗಿ ಸೀಳಿ, ಆ ಸೀಳಿನೊಳಗೆ ಚಿಟಿಕೆ ರೋಮವನ್ನು ಅಡ್ಡ ಇಟ್ಟು, ರೀಲನ್ನು ನೆಟ್ಟಗೆ ತಿರುಗಿಸುತ್ತಾನೆ. ಗಿರ್ರ್! ದಾರ ಬಾಯಿ ಮುಚ್ಚಿ ರೋಮವನ್ನು ಕಚ್ಚಿಕೊಳ್ಳುತ್ತದೆ. ಇಷ್ಟು ಹೊತ್ತು ಸತ್ತು ಬಿದ್ದಿದ್ದ ಕೂದಲು ಒಂದೊಂದಾಗಿ ಎದ್ದು ಸುತ್ತಲೂ ನಿಲ್ಲುತ್ತದೆ. ಆಗ ನಾನೇನಾದರೂ ಕೆಮ್ಮಿದರೆ, "ಶ್! ಏಳಾಕತ್ತೈತಿ" ಅನ್ನುತ್ತಾನೆ. ನಿಮ್ಮ ಮೈ ಜುಮ್ಮೆನ್ನಲಿಲ್ಲವೆ? ನನಗಂತೂ ಕೇಳಿದಾಗಲೆಲ್ಲ ಜುಮ್ಮೆನ್ನುತ್ತದೆ.

ಹಾಗಾಗಿ ಕಾಕಾನಿಗೆ ಬೇಕಾದ್ದು ಸೀಳುವ ದಾರ. ಸುಲ್ತಾನ್ ಬಜಾರಿನ ದಾರದಂಗಡಿಯವನಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಬೇಸಿಗೆ ಕಳೆಯಿತು. ಆ ಪುಣ್ಯಾತ್ಮ ಜನ್ಮವಿಡೀ ನಮ್ಮ ದಾರ ಸೀಳುವುದಿಲ್ಲ, ಎಳೆ ಬಿಡುವುದಿಲ್ಲ ಅಂತ ಆಣೆ ಮಾಡಿ ಮಾರಿದವನು. ಇವನು ಎದುರಿಗೆ ನಿಂತು, "ಭಾಯ್, ಫಟನೇವಾಲಾ ಧಾಗಾ ಹೋನಾ", ಸೀಳುವ ದಾರವೇ ಬೇಕು ಅನ್ನುತ್ತಾನೆ! ಕೊಟ್ಟ ರೀಲನ್ನೆಲ್ಲ ಮೊಳದುದ್ದ ಬಿಚ್ಚಿ, ಭೂತಗನ್ನಡಿ ಹಿಡಿದು, ಉಲ್ಟಾ ಹೊಸೆದು, ಕಿವಿಯ ಹತ್ತಿರ ಹಿಡಿದು ಎಳೆದು, ಕಡೆಗೆ ನಾಲಿಗೆಗೂ ಮುಟ್ಟಿಸಿ, ತಲೆಯಾಡಿಸಿ ವಾಪಸ್ಸು ಕೊಡುತ್ತಾನೆ. ಅಂಗಡಿಯವನು ಒಂದು ದಿನ ದನಿ ತಗ್ಗಿಸಿ, "ಚಾಚಾ, ಆಪ್ ಕಪಡಾ ಸೀತೇ ಯಾ ಮುರ್ದಾ?" ಅಂತ ಕೇಳಿಯೇಬಿಟ್ಟ. ಬಟ್ಟೆ ಹೊಲೀತೀರೋ ಹೆಣ ಹೊಲೀತೀರೋ ಅಂತ! ಸುತ್ತ ನಿಂತ ಹೆಂಗಸರು ತಮ್ಮ ತಮ್ಮ ಚೀಲ ಎತ್ತಿಕೊಂಡರು.

ಈ ಹುಡುಕಾಟ ಒಂದು ದಿನ ಆಟವಾಗಿ ಉಳಿಯಲಿಲ್ಲ. ನಮ್ಮ ಮೇಲಿನ ಮನೆಯಲ್ಲಿ ಯಾದಗಿರಿ ಕಡೆಯ ಸಂಸಾರವಿದೆ. ಮಗ ಕಟ್ಟಡ ಕೆಲಸದ ಮೇಸ್ತ್ರಿ, ವಾರಕ್ಕೊಮ್ಮೆ ಮನೆಗೆ ಬರುವವನು. ಅವನ ತಾಯಿ ನೀಲಮ್ಮ, ಹೆಂಡತಿ ಸುವರ್ಣಾ, ಮೂರು ವರ್ಷದ ಮಗಳು ಮುನ್ನಿ. ಸುವರ್ಣಾಳಿಗೆ ಕ್ಯಾನ್ಸರ್ ಆಗಿ ಕೀಮೋ ಕೊಡಿಸುವಾಗ ಮುನ್ನಿಯನ್ನು ಊರಿನಲ್ಲಿ ಸೋದರತ್ತೆಯ ಹತ್ತಿರ ಬಿಟ್ಟಿದ್ದರು. ಚಿಕಿತ್ಸೆ ಮುಗಿದು ಮಗುವನ್ನು ಕರೆತಂದರೆ ಅದು ತಾಯಿಯನ್ನು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟಿತು. ತಲೆಗೆ ಸ್ಕಾರ್ಫು ಕಟ್ಟಿದ್ದಳು, ಹುಬ್ಬು ಪೆನ್ಸಿಲಿನಿಂದ ಬರೆದುಕೊಂಡಿದ್ದಳು. ಆದರೆ ಕಣ್ಣಿಗೆ ರೆಪ್ಪೆಗೂದಲೇ ಇರಲಿಲ್ಲ. ಮುನ್ನಿ ಆ ಕಣ್ಣನ್ನೇ ನೋಡುತ್ತ, "ನಮ್ಮವ್ವನ್ನ ಎಲ್ಲಿ ಇಟ್ಟೀದಿ?" ಅಂತ ಕೇಳಿತಂತೆ. ಹೆತ್ತ ತಾಯಿಯನ್ನು! ಅಳು ಕೂಡ ಇಲ್ಲದೆ, ದೊಡ್ಡವರ ಹಾಗೆ.

ಒಂದು ಮಧ್ಯಾಹ್ನ ಸುವರ್ಣಾ ಅತ್ತೆಗೆ ಹೇಳದೆ ಕೆಳಗಿಳಿದು ಬಂದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಕೀಮೋಕ್ಕೆ ಮೊದಲು ತಾನೇ ಕತ್ತರಿಸಿಟ್ಟುಕೊಂಡಿದ್ದ ಮೊಳದುದ್ದದ ಜಡೆ. ಕಾಕಾನ ಮುಂದಿಟ್ಟು, "ಕಾಕಾರ, ನೀವು ನೊಣದ ಕಾಲಿಗಿ ಕೂದಲಾ ಹಚ್ತೀರಲ್ಲ? ನನ್ನ ಕಣ್ಣಿಗಿ ಹಚ್ಚಿಕೊಡ್ರಿ" ಅಂದಳು.

ಅಂಗಡಿಯಲ್ಲಿ ಸಿಗುವ ರೆಪ್ಪೆಯನ್ನು ಒಮ್ಮೆ ಹಚ್ಚಿಕೊಂಡು ನೋಡಿದ್ದಳಂತೆ. ಕಾಗೆಯ ರೆಕ್ಕೆಯಂಥ ಆ ರೆಪ್ಪೆ ನೋಡಿ ಮುನ್ನಿ ಮಂಚದ ಕೆಳಗೆ ಸೇರಿ ಸಂಜೆಯವರೆಗೂ ಹೊರಬರಲಿಲ್ಲ.

"ಡಾಕ್ಟರು ಅವು ತಾವೇ ಬರ್ತಾವ ಅಂದಾರಲ್ಲ?" ಅಂದೆ ನಾನು.

"ಬರ್ತಾವಂತ್ರಿ ಅಕ್ಕಾ. ಅವು ಬರೋತನಕ ಮುನ್ನಿ ನನ್ನ ಮರೀತಾಳ."

ಕಾಕಾ ಜಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಜಡೆಯ ತುದಿಯಿಂದ ಎಲ್ಲಕ್ಕಿಂತ ಸಣ್ಣ ಎಳೆಗಳನ್ನು ಆರಿಸಿ, ಮಿಕ್ಕದ್ದನ್ನು ಎರಡೂ ಕೈಯಿಂದ ಅವಳಿಗೆ ತಿರುಗಿ ಕೊಟ್ಟ. ಯಾರ ಕೂದಲನ್ನೂ ತಿರುಗಿ ಕೊಡದ ಮನುಷ್ಯ!

ಅಲ್ಲಿಂದ ನಮ್ಮ ಮನೆಯಲ್ಲಿ ನೊಣ ಹುಟ್ಟುವುದು ನಿಂತು ರೆಪ್ಪೆ ಹುಟ್ಟತೊಡಗಿದವು. ತೊಂದರೆ ಏನೆಂದರೆ, ನೊಣಕ್ಕೆ ದಾರವನ್ನು ಗಿರ್ರನೆ ತಿರುಗಿಸಬೇಕು, ರೆಪ್ಪೆಗೆ ಅರ್ಧ ಸುತ್ತು ಮಾತ್ರ. ಹೆಚ್ಚಾದರೆ ಕೂದಲು ಎಲ್ಲ ಕಡೆ ಎದ್ದು ಕಂಬಳಿಹುಳವಾಗುತ್ತದೆ. ಅರ್ಧ ಸುತ್ತಿಗೇ ಗಟ್ಟಿಯಾಗಿ ಕಚ್ಚುವ ದಾರ ಬೇಕು, ಸೂಜಿ ಮುಟ್ಟಿದರೆ ಸೀಳಲೂ ಬೇಕು, ರೆಪ್ಪೆಗೆ ಭಾರವಾಗಲೂಬಾರದು. ಹತ್ತಿಯ ದಾರ ಸೀಳಿತು, ಹಾಗೇ ಹರಿದೂ ಹೋಯಿತು. ಟೇಲರುಗಳ ನೈಲಾನ್ ದಾರಕ್ಕೆ ಮೇಣ, ಸೂಜಿ ಜಾರಿ ಕಾಕಾನ ಹೆಬ್ಬೆರಳಿಗೇ ಇಳಿಯಿತು. ರವಿಕೆಗೆ ಮಗ್ಗಂ ಕಸೂತಿ ಹಾಕುವವರ ಹೊಳೆಯುವ ದಾರ ಬೆಣ್ಣೆಯ ಹಾಗೆ ಸೀಳಿತು, ಆದರೆ ಹಿಡಿತವಿಲ್ಲ. ನಾವು ನೋಡುತ್ತಿದ್ದಂತೆಯೇ ಒಂದೊಂದೇ ಕೂದಲು ಉದುರಿ ಬಿತ್ತು. ಸುವರ್ಣಾಳ ಕಣ್ಣಿನಿಂದ ಮೊದಲ ಸಲ ಉದುರಿದ್ದೂ ಹೀಗೇ ಇರಬೇಕು ಅನ್ನಿಸಿತು. ಇನ್ನೊಂದು ದಿನ ಊಟದ ತಟ್ಟೆಯ ಪಕ್ಕ ಕರೀ ಹುಳವೊಂದು ಕಂಡು ಪೊರಕೆಯಿಂದ ಬಾರಿಸಿದೆ. ಅದು ಕಾಕಾನ ಮೂರು ದಿನದ ದುಡಿಮೆ!

ಒಂದು ಭಾನುವಾರದ ಮಧ್ಯಾಹ್ನ ಮಾತ್ರ ಮರೆಯಲಾರೆ. ಕಾಕಾ ಹೊರಗೆ ಹೋಗಿದ್ದ. ಮೇಜಿನ ಮೇಲಿನ ಬಿಳಿ ಹಾಳೆಯಲ್ಲಿ ಎರಡು ರೆಪ್ಪೆಗಳು ಪಕ್ಕಪಕ್ಕದಲ್ಲಿ, ಒಂದು ಮುಖದ ಮೇಲೆ ಇರುವಷ್ಟೇ ಅಂತರದಲ್ಲಿ ಮಲಗಿದ್ದವು. ಮುಖ ಮಾತ್ರ ಇಲ್ಲ. ಸ್ವಲ್ಪ ಬಗ್ಗಿ ನೋಡಿದೆ. ನನ್ನ ಉಸಿರು ತಾಗಿತೋ ಏನೋ, ಎರಡೂ ಒಟ್ಟಿಗೆ ಒಮ್ಮೆ ಮುಚ್ಚಿ ತೆರೆದವು. ನಾನು ಅಡುಗೆ ಮನೆಗೆ ಓಡಿ, ಕಾಕಾ ಬರುವವರೆಗೂ ಬೇಡದ ಪಾತ್ರೆಗಳನ್ನೆಲ್ಲ ತಿಕ್ಕಿದೆ.

ಇದೆಲ್ಲವನ್ನೂ ನೀಲಮ್ಮನಿಂದ ಮುಚ್ಚಿಟ್ಟಿದ್ದೆವು. ಅವರಿಗೆ ಮನೆಯವರ ಕೂದಲು ಪರರ ಕೈಗೆ ಹೋಗುವುದೆಂದರೆ ಪ್ರಾಣವೇ ಹೋದ ಹಾಗೆ. ಬಾಚಿದ ಕೂದಲನ್ನು ಗಂಟು ಹಾಕಿ ಮೂರು ಸಲ ಉಗುಳಿಯೇ ಎಸೆಯುವವರು. ಅಂಥವರ ಕೈಗೆ ಒಂದು ಬೆಳಿಗ್ಗೆ ಏನು ಸಿಕ್ಕಿತು ಗೊತ್ತೆ? ಕಾಕಾ ದಾರದ ಪರೀಕ್ಷೆಗೆಂದು ಕೊಕ್ಕೆಯೊಂದಕ್ಕೆ ಸುವರ್ಣಾಳ ಕೂದಲನ್ನು ಕೆಂಪು ದಾರದಿಂದ ಕಟ್ಟಿಟ್ಟಿದ್ದ. ಅದು ಅಳತೆ ಕೊಡಲು ಬಂದಿದ್ದ ಅವಳ ಸೆರಗಿಗೆ ಸಿಕ್ಕಿಕೊಂಡು ಮೇಲೆ ಹೋಗಿ, ಎಲ್ಲ ಬಿಟ್ಟು ಮುನ್ನಿಯ ಕೌದಿಯ ಮಡಿಕೆಯಲ್ಲಿ ಸೇರಿಕೊಂಡಿತ್ತು! ಸೊಸೆಯ ಕೂದಲು, ಕೆಂಪು ದಾರ, ಕಬ್ಬಿಣದ ಕೊಕ್ಕೆ, ಮೊಮ್ಮಗಳ ಹಾಸಿಗೆ. ನೀಲಮ್ಮನ ಜಾಗದಲ್ಲಿ ಇದ್ದಿದ್ದರೆ ನಾನೂ ಚೀರುತ್ತಿದ್ದೆ.

"ಭಾನಾಮತಿ!" ಅಂತ ಅವರು ಕೂಗಿದ್ದು ಮೂರೂ ಮಹಡಿಗೆ ಕೇಳಿತು.

ಅದೆಲ್ಲ ತಾನೇ ಕೊಟ್ಟಿದ್ದು, ಕಾಕಾ ಒಳ್ಳೆಯವರು ಅಂತ ಸುವರ್ಣಾ ಗೋಗರೆದಳು. ನೀಲಮ್ಮ ಎದೆ ಬಡಿದುಕೊಂಡು, "ನೋಡ್ರೆವ್ವಾ! ಅಂವ ಆಡಿಸಿದ್ದೇ ಆಡ್ಲತ್ತಾಳ!" ಅಂದರು.

ಮುಂದಿನ ಮೂರು ದಿನ ಕಟ್ಟಡವೇ ಉಸಿರು ಬಿಗಿಹಿಡಿದಿತ್ತು. ನಾವು ಮೆಟ್ಟಿಲಿಳಿದರೆ ಬಾಗಿಲುಗಳು ಒಂದೊಂದಾಗಿ ಮೆಲ್ಲಗೆ ಮುಚ್ಚುತ್ತಿದ್ದವು. ಮಕ್ಕಳು ನಮ್ಮ ನೆರಳು ತುಳಿಯದೆ ದಾಟುತ್ತಿದ್ದರು. ಸುವರ್ಣಾ ಕೆಳಗೆ ಬರುವುದು ನಿಂತಿತು. ಮೇಲಿನಿಂದ ಮುನ್ನಿ ಅಜ್ಜಿಯ ಹತ್ತಿರ ಮಾತಾಡುವುದು ಕೇಳುತ್ತಿತ್ತು, ತಾಯಿಯ ಹತ್ತಿರ ಮಾತಾಡುವುದು ಒಮ್ಮೆಯೂ ಕೇಳಲಿಲ್ಲ. ಕಾಕಾನಿಗೆ ಊಟ ಸೇರುತ್ತಿರಲಿಲ್ಲ. ಜನ ಮಾಟಗಾರ ಅಂದದ್ದಕ್ಕೆ ಅಂತ ತಿಳಿದು ಸಮಾಧಾನ ಹೇಳಲು ಹೋದರೆ, "ಅವರು ಏನರ ಅನ್ಲಿ. ದಾರ ಸಿಗವಲ್ದಲ್ಲ ಹುಡುಗಿ!" ಅಂತ ನನ್ನ ಮೇಲೇ ರೇಗಿದ.

ನಾಲ್ಕನೆಯ ದಿನ ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆರೆದವಳು ಪಾತ್ರೆ ಹಿಡಿದು ಹಿಂದೆ ಸರಿದೆ. ಹೊಸ್ತಿಲ ಮೇಲೆ ಕುಂಕುಮ ಬಳಿದ ಐದು ನಿಂಬೆಹಣ್ಣು, ಮೆಣಸಿನಕಾಯಿ, ಬೂದಿ. ನಮ್ಮ ಗ್ರಿಲ್ಲಿಗೆ ಕರೀ ದಾರ ಏಳು ಸುತ್ತು ಬಿಗಿದಿತ್ತು. ನಮ್ಮೊಳಗಿನ ಕೇಡು ಹೊರಗೆ ಬಾರದ ಹಾಗೆ ಕಟ್ಟಿದ ಕಟ್ಟು! ಹಿಂದೆಯೇ ಬಂದ ಕಾಕಾ ಆ ದಾರದ ಮುಂದೆ ತಲೆ ಬಗ್ಗಿಸಿದ. ಈ ವಯಸ್ಸಿನಲ್ಲಿ ಇಂಥ ಅವಮಾನವೆ ಅಂತ ನನ್ನ ಕಣ್ಣು ತುಂಬಿತು. ಅವನು ಜೇಬಿನಿಂದ ಭೂತಗನ್ನಡಿ ತೆಗೆದ. ದಾರದ ತುದಿ ಹಿಡಿದು ಉಲ್ಟಾ ಹೊಸೆದ. ಒಂದು ಎಳೆಯನ್ನು ಬೇರೆ ಮಾಡಿ, ಅಂಗಿಯ ಕಾಲರಿನಲ್ಲಿ ಸದಾ ಸಿಕ್ಕಿಸಿರುವ ಸೂಜಿಯನ್ನು ಮುಟ್ಟಿಸಿದ.

"ಏ ಹುಡುಗಿ!" ಅಂತ ಕೂಗಿದ. "ಸೀಳತೈತಿ! ಸೀಳತೈತೆ ಇದು!"

ಏಳೂ ಸುತ್ತನ್ನು ಮಗುವಿನ ಕೈಯ ಬಳೆ ಬಿಚ್ಚುವಷ್ಟು ಜೋಪಾನವಾಗಿ ಬಿಚ್ಚಿಕೊಂಡ. "ಲಿಂಬಿಹಣ್ಣು ಚಲೋ ಅದಾವ, ಉಪ್ಪಿನಕಾಯಿ ಹಾಕು" ಅಂತ ನನಗೆ ಹೇಳಿ, ಬರಿಗಾಲಲ್ಲೇ ಮೆಟ್ಟಿಲು ಹತ್ತಿ ಓಡಿದ. ಎಲ್ಲ ಬಾಗಿಲುಗಳೂ ತೆರೆದವು. ಕಟ್ಟು ಬಿಚ್ಚಿಕೊಂಡು, ಕಟ್ಟಿದವರ ಮನೆಗೇ ಅದನ್ನು ಹಿಡಿದು ಓಡುವ ಮಾಟಗಾರನನ್ನು ಯಾರು ತಾನೇ ಕಂಡಿದ್ದರು? ನೀಲಮ್ಮ ಅವನ ಕೈಯಲ್ಲಿ ಆ ದಾರ ಕಂಡದ್ದೇ ಮೊಮ್ಮಗಳನ್ನು ಬಾಚಿ ತಬ್ಬಿಕೊಂಡು, "ತಿರುಗಿ ಬಂತವ್ವೋ!" ಅಂತ ಗೋಡೆಗೆ ಅಂಟಿ ನಿಂತರು.

"ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೀನಿ, ಈ ದಾರ ಎಲ್ಲಿ ತಂದ್ರಿ?" ಅಂದ ಕಾಕಾ.

ಉತ್ತರಕ್ಕೂ ಕಾಯಲಿಲ್ಲ. ಅವರ ಗ್ರಿಲ್ಲಿಗೇ ಒಂದು ಎಳೆ ತೂಗಿಬಿಟ್ಟು, ತುದಿಗೆ ತನ್ನ ಕೀಲಿಕೈ ಕಟ್ಟಿ ಉಲ್ಟಾ ತಿರುಗಿಸಿದ. ಸೀಳಿದ. ಜೇಬಿನ ಪೊಟ್ಟಣದಿಂದ ಸುವರ್ಣಾಳ ಕೂದಲು ತೆಗೆದು ಒಂದೊಂದಾಗಿ ಸೀಳಿನಲ್ಲಿಟ್ಟ. ಅರ್ಧ ಸುತ್ತು. ದಾರ ಬಾಯಿ ಮುಚ್ಚಿತು. ಉಗುರಿನಿಂದ ಎಳೆದ, ಬರಲಿಲ್ಲ. ಕಪ್ಪಗೆ, ತೆಳ್ಳಗೆ, ಒಂದೇ ಕಡೆಗೆ ಬಾಗಿ ಸಾಲಾಗಿ ಎದ್ದು ನಿಂತಿದ್ದವು.

"ಜೀವ ಬಂತಲ್ರೀ ಅದಕ್ಕ..." ಅಂದರು ನೀಲಮ್ಮ, ಉಸಿರಿನಲ್ಲೇ.

"ಅತ್ತಿ, ಅದು ನನ್ನ ರೆಪ್ಪಿ" ಅಂದಳು ಸುವರ್ಣಾ. "ಮುನ್ನಿ ನನ್ನ ಹತ್ರ ಬರ್ಲಿ ಅಂತ ಕಾಕಾರ ಮಾಡ್ಲತ್ತಾರ."

ನೀಲಮ್ಮ ಸೊಸೆಯನ್ನು ನೋಡಿದರು, ಕಾಕಾನನ್ನು ನೋಡಿದರು, ಮಗುವನ್ನು ಕೆಳಗಿಳಿಸಿ ಒಳಗೆ ಹೋದರು. ಬಂದಾಗ ಕೈಯಲ್ಲಿ ದಾರದ ಇಡೀ ಉಂಡೆಯಿತ್ತು. ಮುನ್ನಿಯ ಉಡಿದಾರಕ್ಕೆಂದು ಯಾದಗಿರಿಯಿಂದ ತಂದದ್ದರಲ್ಲಿ ಉಳಿದ ರೇಷ್ಮೆ ದಾರವಂತೆ ಅದು.

"ಮಂತ್ರಿಸಿದ್ದು ಅದ ಅಣ್ಣಾರ. ಕಣ್ಣಿಗಿ ಏನೂ ಆಗಂಗಿಲ್ಲಲ್ಲ?"

"ಭಾಳ ಚಲೋ ಆತ್ರಿ. ಮಂತ್ರಾನೂ ಹಿಡಕೊಂಡಿರತೈತಿ, ಅಂಟು ಸ್ವಲ್ಪ ಸಾಕು!" ಅಂದ ಕಾಕಾ.

ಎರಡು ದಿನ ಬಿಟ್ಟು, ಡಾಕ್ಟರನ್ನು ಕೇಳಿ ತಂದ ಅಂಟಿನಿಂದ ಸುವರ್ಣಾ ರೆಪ್ಪೆ ಹಚ್ಚಿಕೊಂಡು ಮಂಚದ ಮೇಲೆ ಕೂತಳು. ಮುನ್ನಿ ಅಜ್ಜಿಯ ಸೀರೆಯ ಹಿಂದೆ. ಯಾರೂ ಕರೆಯಲಿಲ್ಲ, ಕರೆಯುವ ಧೈರ್ಯವೇ ಇರಲಿಲ್ಲ. ಕಾಕಾ ನೋಡಲಾರದೆ ಗೋಡೆಯ ಕ್ಯಾಲೆಂಡರಿನ ಕಡೆಗೆ ತಿರುಗಿ ನಿಂತಿದ್ದ. ಮಗು ಒಂದು ಹೆಜ್ಜೆ ಇಟ್ಟಿತು, ನಿಂತಿತು, ಇನ್ನೊಂದು ಹೆಜ್ಜೆ ಇಟ್ಟಿತು. ತಾಯಿಯ ಮುಖವನ್ನು ಬಹಳ ಹೊತ್ತು ನೋಡಿ, ಮಂಚ ಹತ್ತಿ, ತನ್ನ ಕೆನ್ನೆಯನ್ನು ಅವಳ ಕಣ್ಣಿಗೆ ಒತ್ತಿಹಿಡಿಯಿತು. ನಮಗೆ ಅರ್ಥವಾಗಲಿಲ್ಲ. ಸುವರ್ಣಾಳಿಗೆ ಆಯಿತು. ಮೊದಲೆಲ್ಲ ಮಲಗಿಸುವಾಗ ಅವಳು ರೆಪ್ಪೆ ಬಡಿದು ಮಗಳ ಕೆನ್ನೆಗೆ ಕಚಗುಳಿ ಇಡುತ್ತಿದ್ದಳಂತೆ. ಅವಳು ರೆಪ್ಪೆ ಬಡಿದಳು. ಮುನ್ನಿ ಕಿಲಕಿಲ ನಕ್ಕು, "ಇನ್ನೊಮ್ಮಿ ಅವ್ವಾ" ಅಂದಿತು. ಎಡಗಣ್ಣಿನ ರೆಪ್ಪೆ ಕಿತ್ತು ಬಂದು ಮಗುವಿನ ಕೆನ್ನೆಗೇ ಅಂಟಿಕೊಂಡಿತು.

"ದಾರ ಹಿಡಿದೈತಿ, ಅಂಟು ಬಿಟ್ಟೈತಿ" ಅಂದ ಕಾಕಾ, ಕ್ಯಾಲೆಂಡರಿನಿಂದ ಮುಖ ತಿರುಗಿಸದೆ. ನಾವೆಲ್ಲರೂ ಅಳುತ್ತಿದ್ದೆವು, ನೀಲಮ್ಮನಂತೂ ಜೋರಾಗಿಯೇ.

ಆಮೇಲೆ ಮೂರು ತಿಂಗಳು ಕಾಕಾ ರೆಪ್ಪೆ ಬಿಟ್ಟು ಬೇರೇನನ್ನೂ ಕಟ್ಟಲಿಲ್ಲ. ಮುನ್ನಿ ದಿನವೂ ಕಚಗುಳಿ ಕೇಳುತ್ತಿದ್ದಳು, ವಾರಕ್ಕೊಂದು ಜೋಡಿ ಬೇಕಾಗುತ್ತಿತ್ತು. ಒಂದು ಬೆಳಿಗ್ಗೆ ಸುವರ್ಣಾ ಕೆಳಗೆ ಬಂದು, "ಇನ್ನ ಸಾಕ್ರಿ ಕಾಕಾರ" ಅಂದು ಬಗ್ಗಿ ಮುಖ ತೋರಿಸಿದಳು. ಕಣ್ಣಿನ ಅಂಚಿನಲ್ಲಿ ಅವಳವೇ ರೆಪ್ಪೆಗಳು, ಸಣ್ಣ ಸಣ್ಣವು, ಆಗಷ್ಟೇ ಮೂಡಿದ್ದವು. ಕಾಕಾ ಭೂತಗನ್ನಡಿ ಹಿಡಿದು ಒಂದು ಕಣ್ಣು ನೋಡಿದ, ಇನ್ನೊಂದು ಕಣ್ಣು ನೋಡಿದ.

"ದಾರ ಎಲ್ಲೈತಿ ಅಂತ ಕಾಣವಲ್ದಲ್ಲ ತಂಗಿ!" ಅಂದ, ಗಾಜನ್ನು ಮತ್ತೆ ಮತ್ತೆ ಒರೆಸಿಕೊಳ್ಳುತ್ತ.